ಯಾರು ನೋಡ್ಯಾರ?

ಡೊಂಬಿವಲಿ ದಾಟಿ ಗಾಡಿ ವೇಗ ಹಿಡಿದ ಮೇಲೆ ಮಲ್ಲಿಕಾಗೆ ತನ್ನ ರೈಲಿನ ಪಾಸು ಮನೆಯಲ್ಲೇ ಉಳಿದಿದೆ ಎಂದು ಗೊತ್ತಾಯಿತು. ಗೊತ್ತಾದ ಮರುಗಳಿಗೆ ಲೇಡೀಸ್ ಡಬ್ಬಿಯ ಹೆಂಗಸರೆಲ್ಲ ಟಿಕೀಟು ಕೇಳುವ ಟೀಸಿಗಳಾಗಿಬಿಟ್ಟರು. ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತ ದಪ್ಪ ಹೆಂಗಸು ಟೀಸಿ, ಜಪಮಾಲೆ ಹಿಡಿದ ಮುದುಕಿ ಟೀಸಿ, ಬಾಗಿಲ ಕಂಬಿಗೆ ಆತು ನಿಂತು ತಲೆ ಬಾಚಿಕೊಳ್ಳುತ್ತಿದ್ದ ಬ್ಯಾಂಕಿನ ಹುಡುಗಿಯಂತೂ ಟೀಸಿಗಳಿಗೇ ದೊಡ್ಡ ಟೀಸಿ. ಪರ್ಸನ್ನು ಮೂರು ಸಲ ಬಗೆದಳು. ಒಂದು ಪೆನ್ನು ಸಿಕ್ಕಿತು, ಇನ್ನೊಂದು ಪೆನ್ನು ಸಿಕ್ಕಿತು, ಶೇಂಗಾ ಹಿಂಡಿ ಹಚ್ಚಿ ಸುರುಳಿ ಸುತ್ತಿದ ರೊಟ್ಟಿ ಸಿಕ್ಕಿತು. ಪಾಸು ಎಲ್ಲಿದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಅಂಬರನಾಥದ ಸಾಲುಮನೆಗಳ ಚಾಳಿನಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ, ದೇವರ ಫೋಟೋದ ಮುಂದೆ, ಮೈಗೆ ಕುಂಕುಮ ಹಚ್ಚಿಸಿಕೊಂಡು ಆರಾಮಾಗಿ ಕೂತಿತ್ತು. ಅದನ್ನು ಅಲ್ಲಿ ಕೂಡಿಸಿದವಳು ತಾಯಿ ಸಾಬವ್ವ. "ಇವತ್ತ ನಿನ್ನ ಪರೀಕ್ಷಾ ಐತಿ. ದೇವರ ಮುಂದ ಇಡು, ನಾಷ್ಟಾ ಮಾಡಿ ತಗೊಂಡ್ ಹೋಗು" ಎಂದಿದ್ದಳು. "ಮಂದಿ ಪೆನ್ನ ಇಡತಾರ ಯವ್ವಾ, ಪಾಸ ಯಾರ್ ಇಡತಾರ?" ಎಂದು ಕೇಳಿದರೆ, "ಪೆನ್ನ ಯಾರರೆ ಕೊಡತಾರ. ಪಾಸ ಇಲ್ಲಂದ್ರ ನೀ ಅಲ್ಲಿ ಮುಟ್ಟೂದ ಇಲ್ಲ" ಎಂದು ಬಾಯಿ ಮುಚ್ಚಿಸಿದ್ದಳು. ಹಾಗೆ ದೇವರ ಆಶೀರ್ವಾದವೆಲ್ಲ ಪಾಸಿಗೆ ಸಿಕ್ಕಿತು, ಮಗಳು ಬರಿಗೈಯಲ್ಲಿ ರೈಲು ಹತ್ತಿದಳು.

ಠಾಣೆ ಬಂತು, ಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ಕಂಡ ಪ್ರತಿಯೊಂದು ಕರಿ ಕೋಟಿಗೂ ಅವಳು ಜಪಮಾಲೆಯ ಮುದುಕಿಯ ಹಿಂದೆ ಸರಿಯುತ್ತಿದ್ದಳು. ತಾನು ಪಾಸಿಲ್ಲದೆ ಹೊರಟದ್ದು ಇವತ್ತೊಂದೇ ದಿನವಲ್ಲ, ಏಳು ತಿಂಗಳಿಂದ ಹಾಗೇ ಓಡಾಡುತ್ತಿದ್ದೇನೆ ಎನಿಸಿತು. ನೆರೂಳದ ಆ ಪತ್ರಿಕೋದ್ಯಮ ಶಾಲೆಯೊಳಗೆ ತಾನು ಹೊಕ್ಕಿದ್ದೇ ಒಂದು ಸುಳ್ಳು ಚೀಟಿ ತೋರಿಸಿ. ಸಂದರ್ಶನದ ದಿನ ವನಮಾಲಾ ಮೇಡಂ ಅರ್ಜಿಯ ಮೇಲೆ ಬೆರಳಿಟ್ಟು, ತಂದೆಯ ಕೆಲಸ ಎನ್ನುವ ಸಾಲು ಖಾಲಿ ಇದೆಯಲ್ಲ ಎಂದಿದ್ದರು. ಮಲ್ಲಿಕಾ ಕಣ್ಣು ಮಿಟುಕಿಸದೆ "ಟ್ರಾನ್ಸ್‌ಪೋರ್ಟ್ ಬಿಸಿನೆಸ್" ಎಂದಿದ್ದಳು. "ಎಷ್ಟು ಲಾರಿ?" ಎಂದು ಮೇಡಂ ಸುಮ್ಮನೆ ಕೇಳಿದ್ದರು. ಅವಳು ಗಾಬರಿಯಲ್ಲಿ "ಎರಡು" ಎಂದಿದ್ದಳು. ಮೇಡಂ ತಲೆ ಎತ್ತಿ ಒಂದು ಸಲ ನೋಡಿ, ಎರಡು ಎಂದು ಬರೆದುಕೊಂಡಿದ್ದರು. ಆ ಎರಡು ಲಾರಿಗಳು ಅಂದಿನಿಂದ ಅವಳ ಹಿಂದೆಯೇ ಬರುತ್ತಿದ್ದವು. ಕ್ಲಾಸಿನಲ್ಲಿ ಯಾರಾದರೂ ಅಪ್ಪ ಎಂದರೆ ಸಾಕು, ಹಾರ್ನ್ ಹೊಡೆಯುತ್ತಿದ್ದವು.

ಅಪ್ಪ ಸೈದಪ್ಪನಿಗೆ ಲಾರಿ ಇರಲಿಲ್ಲ, ಲಾರಿ ತುಂಬುವ ಕೆಲಸವಿತ್ತು. ವಿಜಯಪುರ ಸೀಮೆಯಿಂದ ಬಂದು ಮೊದಲು ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ, ಆಮೇಲೆ ಅಂಬರನಾಥದ ಕಾರ್ಖಾನೆಗಳ ಗೋಡೌನಿನಲ್ಲಿ ಇಪ್ಪತ್ತೆರಡು ವರ್ಷ ಹಮಾಲಿ ಮಾಡಿದವನು. ದಿನವೆಲ್ಲ ಹೊತ್ತು ಹೊತ್ತು ಕುತ್ತಿಗೆ ಹೆಗಲೊಳಗೆ ಇಳಿದಿತ್ತು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತನೆಂದರೆ ಮಾತ್ರ ಅದೇ ಕುತ್ತಿಗೆ ಹುಂಜದ ಹಾಗೆ ಮೇಲೆ ಬರುತ್ತಿತ್ತು. "ಇವತ್ತ ಏನಾತಂದ್ರ" ಎಂದು ಶುರು ಮಾಡುತ್ತಿದ್ದ. ಕಲ್ಯಾಣದಲ್ಲಿ ಒಮ್ಮೆ ಮೆಣಸಿನಕಾಯಿಯ ವ್ಯಾಗನ್ ಬಾಗಿಲು ತೆಗೆದನಂತೆ. ಇಡೀ ಯಾರ್ಡಿನ ಹಮಾಲರು ಒಂದೇ ಸಲ ಸೀನಿದರಂತೆ. ಆ ಸೀನಿಗೆ ಎಂಜಿನ್ನು ಎರಡು ಗೇಣು ಹಿಂದೆ ಸರಿಯಿತಂತೆ, ಡ್ರೈವರ್ ಇಳಿದು ಬಂದು ಇವನ ಕಾಲಿಗೆ ಬಿದ್ದನಂತೆ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಸಾಬವ್ವ ತಲೆ ಎತ್ತದೆ ಕೇಳುತ್ತಿದ್ದಳು.

"ಯಾರ್ ನೋಡ್ಯಾರ?"

"ನನ್ನ ಜೋಡೀ ಹಮಾಲ ಗುರುನಾಥ ನೋಡ್ಯಾನ."

"ಯಾವ ದಿನ?"

"ಪಂಚಮಿ ಮುಂದಿನ ಸೋಮವಾರ."

"ಪಂಚಮಿಗೆ ಗುರುನಾಥ ಊರಿಗೆ ಹೋಗಿದ್ದ. ಹೋಗ್ಲಿ, ನೀ ಎಲ್ಲಿ ನಿಂತಿದ್ದಿ?"

"ವ್ಯಾಗನ್ ಒಳಗ."

"ಒಳಗ ನಿಂತಾಂವಗ ಎಂಜಿನ್ ಹಿಂದ ಸರದದ್ದ ಹೆಂಗ ಕಾಣಿಸ್ತು?"

ಅಲ್ಲಿಗೆ ಕಥೆ ಢಂ ಎನ್ನುತ್ತಿತ್ತು. ಸೈದಪ್ಪನಿಗೆ ಸಿಟ್ಟು ಬರುತ್ತಿರಲಿಲ್ಲ. ಸಿಕ್ಕಿಬಿದ್ದಾಗಲೇ ಅವನು ಅತಿ ಖುಷಿಯಾಗಿ ನಗುತ್ತಿದ್ದುದು. ಒಲೆಯ ಆಚೆಗೊಬ್ಬಳು, ಈಚೆಗೊಬ್ಬ, ನಡುವೆ ಮೂರು ಪ್ರಶ್ನೆ. ಮಲ್ಲಿಕಾ ಅದನ್ನು ಕೇಳುತ್ತಲೇ ನಿದ್ದೆ ಹೋಗಿ, ಕೇಳುತ್ತಲೇ ದೊಡ್ಡವಳಾಗಿದ್ದಳು. ಈಗ ಕುರ್ಲಾದಲ್ಲಿ ಇಳಿದು, ಗದ್ದಲದಲ್ಲಿ ತಲೆ ತಗ್ಗಿಸಿ ಹಾರ್ಬರ್ ಲೈನಿನ ಗಾಡಿ ಹಿಡಿದು, ವಾಶಿಯ ಖಾಡಿಯ ಉಪ್ಪುನೀರಿನ ಮೇಲಿನ ಸೇತುವೆಯಲ್ಲಿ ಗಾಳಿ ಮುಖಕ್ಕೆ ಹೊಡೆಯುವಾಗ ಅವಳಿಗೆ ಬೆಳಗಿನ ಅಪ್ಪನ ಮುಖ ನೆನಪಾಯಿತು. ಬಾಗಿಲಲ್ಲಿ ಕನ್ನಡಿ ಹಿಡಿದು ಗಡ್ಡ ಕೆರೆಯುತ್ತ, ಅರ್ಧ ಮುಖದ ನೊರೆಯಲ್ಲೇ, ಮಗಳನ್ನು ಎಂದಿನಂತೆ ತಂಗಿ ಎಂದು ಕರೆದು ಕೇಳಿದ್ದ. "ತಂಗೀ, ನಿಮ್ಮ ಸಾಲಿಗೆ ನಾ ಒಮ್ಮಿ ಬರಲೇನ? ದೂರಿಂದ ನೋಡತೀನಿ." ಏಳು ತಿಂಗಳಲ್ಲಿ ಅದು ಎಷ್ಟನೇ ಸಲವೋ. ಅವಳೂ ಅದೇ ಉತ್ತರ ಕೊಟ್ಟಿದ್ದಳು. "ಹೊರಗಿನ ಮಂದೀನ ಬಿಡೂದಿಲ್ಲ ಯಪ್ಪಾ." ಹೊರಗಿನ ಮಂದಿ! ಆ ಮಾತು ಬಾಯಿಂದ ಹೊರಟ ಮೇಲೆ ಅಪ್ಪ ಕತ್ತಿ ಹಿಡಿದ ಕೈ ನಿಲ್ಲಿಸಿ, "ಹೌದಲ್ಲ, ದೊಡ್ಡ ಸಾಲಿ" ಎಂದು ತಲೆಯಾಡಿಸಿದ್ದ. ಬಿಡುವುದಿಲ್ಲ ಎನ್ನುವುದು ಸುಳ್ಳು. ಆ ಶಾಲೆಯೊಳಗೆ ಚಹದವನು ಬರುತ್ತಿದ್ದ, ನಾಯಿ ಬರುತ್ತಿತ್ತು, ಒಮ್ಮೆ ಹೋರಿಯೂ ಬಂದಿತ್ತು.

ನೆರೂಳ ಸ್ಟೇಷನ್ನಿನಲ್ಲಿ ಟೀಸಿ ಇರಲಿಲ್ಲ. ಹಿಡಿಯುವವರು ಯಾರೂ ಇಲ್ಲದೆ ಹೊರಬಂದದ್ದು ಅವಳಿಗೆ ಸಮಾಧಾನವನ್ನೇನೂ ಕೊಡಲಿಲ್ಲ. ಹಿಡಿಯಬೇಕಾದವರು ಮುಂದೆಲ್ಲೋ ಕೂತಿದ್ದಾರೆ ಎನಿಸಿತು.

ಶಾಲೆ ಇದ್ದದ್ದು ಒಂದು ಸೆಕ್ಟರಿನ ಒಳಗೆ, ಕಾಲೇಜಿನ ಹಿಂಬದಿಯ ಎರಡನೇ ಮಹಡಿ. ಡಿಗ್ರಿ ಮುಗಿಸಿದವರಿಗೆ ಎಂಟು ತಿಂಗಳ ಕೋರ್ಸು. ಹತ್ತೊಂಬತ್ತು ವಿದ್ಯಾರ್ಥಿಗಳು, ಎಂಟು ಟೈಪ್‌ರೈಟರು, ಅದರಲ್ಲಿ ಮೂರಕ್ಕೆ ಎಲ್ಲ ಅಕ್ಷರ ಇದ್ದವು. ತಿಂಗಳ ಕೊನೆಯ ಶುಕ್ರವಾರ ಅಲ್ಲಿ ಅಣಕು ಪತ್ರಿಕಾಗೋಷ್ಠಿ ನಡೆಯುತ್ತಿತ್ತು. ಹೊರಗಿನಿಂದ ಒಬ್ಬರನ್ನು ಕರೆಸಿ ಮಂತ್ರಿಯ ಕುರ್ಚಿಯಲ್ಲಿ ಕೂಡಿಸುವುದು, ವಿದ್ಯಾರ್ಥಿಗಳು ವರದಿಗಾರರಾಗಿ ಪ್ರಶ್ನೆ ಕೇಳುವುದು, ಆಮೇಲೆ ಒಂದು ತಾಸಿನಲ್ಲಿ ವರದಿ ಬರೆಯುವುದು. ಇವತ್ತಿನದು ಕೊನೆಯದು. ಇವತ್ತು ಗೆದ್ದ ಒಬ್ಬರಿಗೆ ಮುಂಬಯಿಯ ಫೋರ್ಟ್ ಭಾಗದ ಒಂದು ದಿನಪತ್ರಿಕೆಯಲ್ಲಿ ಮೂರು ತಿಂಗಳ ತರಬೇತಿ. ಒಬ್ಬರಿಗೆ ಮಾತ್ರ. ಹಿಂದಿನ ಆರು ಗೋಷ್ಠಿಗಳಲ್ಲಿ ಮಲ್ಲಿಕಾ ಬಾಯಿ ಬಿಟ್ಟಿರಲಿಲ್ಲ. ಪ್ರಶ್ನೆ ಇರಲಿಲ್ಲವೆಂದಲ್ಲ, ಎದ್ದು ನಿಂತರೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅವಳ ನೋಟುಬುಕ್ಕಿನ ಮೇಲೆ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: ಕಿವಿ ಚೆನ್ನಾಗಿದೆ, ಬಾಯಿ ಎಲ್ಲಿ?

"ಎಂತ ಮಾರಾಯ್ತಿ, ಇವತ್ತಾದ್ರೂ ಬಾಯಿ ತೆಗಿತೀಯಾ? ಇಲ್ಲ ಡೆಂಟಿಸ್ಟನ್ನು ಕರೀಬೇಕಾ?" ಎಂದ ಪಕ್ಕದ ಕುರ್ಚಿಯ ಕುಶಲ. ಅವನ ಅಪ್ಪನದು ವಾಶಿಯಲ್ಲಿ ಉಡುಪಿ ಹೋಟೆಲು. ಹಿಂದಿನ ಎರಡು ಗೋಷ್ಠಿಯಲ್ಲಿ ಅವನದೇ ಮೊದಲ ನಂಬರು.

"ನೋಡೋಣು" ಎಂದಳು.

"ನೋಡೋಣು ಹೇಳುದು ಮಂತ್ರಿ. ನೀನು ಕೇಳ್ಬೇಕು."

ಕೇಳುವುದಕ್ಕೂ ಅಲ್ಲಿ ಒಂದು ಕ್ರಮವಿತ್ತು. ವನಮಾಲಾ ಮೇಡಂ ಮೂವತ್ತು ವರ್ಷ ವರದಿಗಾರ್ತಿಯಾಗಿದ್ದವರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಠಾಣೆಯ ಒಬ್ಬ ಬಿಲ್ಡರನ್ನು ಹೊಗಳಿ ಬರೆದಿದ್ದರಂತೆ. ಮಾರನೇ ವಾರ ತುಂಬಿದ ಸಭೆಯಲ್ಲಿ ಯಾರೋ ಎದ್ದು, ಈಕೆಯ ಗಂಡ ಆ ಬಿಲ್ಡರನ ಆಫೀಸಿನಲ್ಲೇ ಕೆಲಸಕ್ಕಿದ್ದಾನೆ ಎಂದು ಕೂಗಿದನಂತೆ. ಅವತ್ತಿನ ಉರಿ ಇನ್ನೂ ಆರಿಲ್ಲ ಎನ್ನುತ್ತಿದ್ದರು. ಅದಕ್ಕೇ ಇಲ್ಲಿ ಪ್ರಶ್ನೆ ಕೇಳುವವರು ಎದ್ದು ನಿಂತು ಮೂರು ವಿಷಯ ಹೇಳಲೇಬೇಕು. ತನ್ನ ಹೆಸರು, ತನ್ನ ಪತ್ರಿಕೆ, ಕುರ್ಚಿಯಲ್ಲಿ ಕೂತವರಿಗೂ ತನಗೂ ಇರುವ ಸಂಬಂಧ. ಪತ್ರಿಕೆಗಳ ಹೆಸರೆಲ್ಲ ಆಟಕ್ಕೆ ಕಟ್ಟಿದವು. ಮೂರನೆಯದಕ್ಕಂತೂ ಎಲ್ಲರದೂ ಒಂದೇ ಉತ್ತರ. ರೈಲಿನ ಸ್ಟೇಷನ್ ಹೆಸರು ಕೂಗುವ ಧ್ವನಿಯಲ್ಲಿ ಹೇಳಿ ಮುಗಿಸುತ್ತಿದ್ದರು: "ಸಂಬಂಧವಿಲ್ಲ."

ಹನ್ನೊಂದು ಗಂಟೆಗೆ ಕಲ್ಯಾಣದ ಕಡೆಯ ಪಂಚಾಯತಿಯ ಮಾಜಿ ಸಭಾಪತಿ ಪಾಟೀಲ ಸಾಹೇಬರು ಮಂತ್ರಿಯಾಗಿ ಬರುವವರಿದ್ದರು. ಪಾತ್ರದ ವಿಷಯ ನೀರಿನ ಯೋಜನೆ. ಹನ್ನೊಂದೂ ಇಪ್ಪತ್ತಕ್ಕೆ ಬಾಗಿಲಲ್ಲಿ ಚೆಂಡುಹೂವಿನ ಹಾರ ಹಿಡಿದು ಕಾದಿದ್ದ ಗುಮಾಸ್ತ ಮುರಾರಿ ಒಳಗೆ ಮುಖ ಹಾಕಿ, "ಮೇಡಂ, ಸಾಯ್ಬ್ರು ಬಂದ್ರು!" ಎಂದ. ಅವನು ಕೆಲಸಕ್ಕೆ ಸೇರಿ ಎರಡೇ ತಿಂಗಳು, ಸಾಹೇಬರನ್ನು ಕಂಡವನಲ್ಲ. ಬಿಳಿ ಬಟ್ಟೆ, ದಪ್ಪ ಮೀಸೆ, ದೊಡ್ಡ ಧ್ವನಿ ಎಂದಷ್ಟೇ ಅವನಿಗೆ ಹೇಳಿದ್ದರು. ಹದಿನೆಂಟು ಜನ ಎದ್ದು ನಿಂತರು. ಮಲ್ಲಿಕಾ ಅರ್ಧ ಎದ್ದವಳು ಹಾಗೇ ನಿಂತುಬಿಟ್ಟಳು, ಪೂರ್ತಿ ಏಳಲೂ ಇಲ್ಲ, ಕೂರಲೂ ಇಲ್ಲ.

ಮದುವೆಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಬಿಳಿ ಧೋತರ, ಗಂಜಿ ಹಾಕಿದ ಬಿಳಿ ನೆಹರೂ ಅಂಗಿ, ತಲೆಗೆ ಬಿಳಿ ಪಟಕಾ, ತಿರುವಿದ ದಪ್ಪ ಮೀಸೆ, ಕೊರಳಲ್ಲಿ ಮುರಾರಿ ಹಾಕಿದ ಹಾರ. ಸೈದಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೋಣೆಗೆ ಒಂದು, ಟೈಪ್‌ರೈಟರುಗಳಿಗೆ ಒಂದು, ಮೇಡಂಗೆ ಒಂದು ಕೈಮುಗಿದು ಒಳಬಂದ. ಮುರಾರಿ ಮೊಣಕೈ ಹಿಡಿದು ಕುರ್ಚಿಯಲ್ಲಿ ಕೂಡಿಸಿದ. ಚಹ ಬಂತು, ಬಿಸ್ಕೀಟು ಬಂತು, ಮೈಕು ಬಂತು. ಸೈದಪ್ಪ ಮಗಳನ್ನು ಹುಡುಕಿ ಹಿಡಿದ. ಅವಳನ್ನು ನೋಡಿ ಮುಖ ಊರಗಲ ಮಾಡಿ, ಎಡಗೈಯಿಂದ ಎದೆಯ ಜೇಬನ್ನು ಮೂರು ಸಲ ತಟ್ಟಿದ. ಪಾಸು ತಂದಿದ್ದೇನೆ ಎಂದು. ಮುಂದಿನ ಸಾಲಿನ ಜ್ಯೋತಿ ಕೂಡಲೇ ಬರೆದುಕೊಂಡಳು: ಮಾನ್ಯ ಮಂತ್ರಿಗಳು ಎದೆ ಮುಟ್ಟಿಕೊಂಡು ಮಾತು ಆರಂಭಿಸಿದರು.

ಮಲ್ಲಿಕಾ ತಲೆ ತಗ್ಗಿಸಿ ತನ್ನ ಚಪ್ಪಲಿಯ ಉಂಗುಟ ನೋಡುತ್ತ ಕೂತಳು. ಈಗ ಎದ್ದು ಹೇಳಿಬಿಡಬೇಕು, ಇವರು ಸಾಹೇಬರಲ್ಲ ಎಂದು. ಹೇಳಿದರೆ ಮತ್ತೆ ಯಾರು ಎಂದು ಕೇಳುತ್ತಾರೆ. ಅಪ್ಪ ಎಂದರೆ, ಲಾರಿ ಎಲ್ಲಿ ನಿಲ್ಲಿಸಿದ್ದಾರೆ ಎಂದು ಕುಶಲ ಕೇಳುತ್ತಾನೆ. ಹೇಳದಿದ್ದರೆ? ಹೇಳದಿದ್ದರೆ ಏನೂ ಆಗುವುದಿಲ್ಲ. ಅಪ್ಪ ಚಹ ಕುಡಿದು ಹೋಗುತ್ತಾನೆ, ಸಾಹೇಬ ಬಂದು ಹೋದ ಎಂದಾಗುತ್ತದೆ. ಎಷ್ಟು ಸುಲಭ. ಅಷ್ಟೇ ಸುಲಭದ್ದೊಂದನ್ನು ಅವಳು ಮೊದಲೂ ಮಾಡಿದ್ದಳು. ಐದನೇ ಇಯತ್ತೆಯಲ್ಲಿ ಒಮ್ಮೆ ಅಪ್ಪ ಸಿಮೆಂಟಿನ ಧೂಳು ಮೆತ್ತಿದ ಮೈಯಲ್ಲೇ ಶಾಲೆಯ ಗೇಟಿಗೆ ಬಂದಿದ್ದ, ಕೈಯಲ್ಲಿ ಪೇರಲಹಣ್ಣು. ಅದು ಯಾರೇ ಎಂದು ಗೆಳತಿ ಕೇಳಿದಾಗ, ನಮ್ಮ ಚಾಳಿನವರು ಎಂದಿದ್ದಳು. ಸುಳ್ಳೇನಲ್ಲ, ಚಾಳಿನವನೇ. ಆ ಪೇರಲದ ಬೀಜ ಹಲ್ಲಿನ ಸಂದಿಯಲ್ಲಿ ಇವತ್ತಿಗೂ ಸಿಕ್ಕಿಕೊಂಡಂತಿತ್ತು.

"ಕುಶಲ, ನೆರೂಳ ವಾರ್ತೆ, ಸಂಬಂಧವಿಲ್ಲ. ಸಾಹೇಬ, ನಿಮ್ಮ ನೀರಿನ ಯೋಜನೆ ಏನು?"

ಸೈದಪ್ಪ ಬಿಸ್ಕೀಟು ನುಂಗಿ ಗಂಟಲು ಸರಿಮಾಡಿಕೊಂಡ. ಅವನದು ಹಮಾಲರ ಹಿಂದಿ. ಅದರಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಹಿಂದಿ ಹೆಸರಿಗೆ ಮಾತ್ರ. ಅವನು ಹೇಳಿದ್ದನ್ನು ನಮ್ಮ ಮಾತಿಗೆ ತಂದರೆ ಹೀಗೆ:

"ನೀರ ಏನ್ ದೊಡ್ಡ ಮಾತ್ರಿ? ಬದಲಾಪುರದಿಂದ ಇಲ್ಲೀತನಕ ಪೈಪ ಬರತೈತಿ. ಎಂಥಾ ಪೈಪ ಅಂತೀರಿ? ಆ ತುದ್ಯಾಗ ಎಮ್ಮಿ ಹೊಗಿಸಿದ್ರ ಈ ತುದ್ಯಾಗ ಮೈ ತೊಳಕೊಂಡ ಹೊರಗ ಬರಬೇಕು. ಬರೂದ್ರಾಗ ಹಾಲೂ ಕರದಿರಬೇಕು."

ಕೋಣೆ ಹೋ ಎಂದು ನಕ್ಕಿತು. ಹಿಂದಿನ ಮಂತ್ರಿಗಳೆಲ್ಲ ಪರಿಶೀಲಿಸುತ್ತೇವೆ, ನೋಡುತ್ತೇವೆ ಎಂದು ನಿದ್ದೆ ಬರಿಸಿದ್ದರು. ಇಂಥ ಮಂತ್ರಿ ಇದೇ ಮೊದಲು.

"ಪೈಪಿನ ಅಗಲ ಎಷ್ಟು ಅಡಿ, ಸಾಹೇಬ?"

"ಅದು ಎಮ್ಮಿ ಮ್ಯಾಲೆ ಐತಿ ತಮ್ಮಾ. ನಿಮ್ಮ ಮನ್ಯಾಗ ಎಂಥಾ ಎಮ್ಮಿ ಐತಿ ಹೇಳು, ಹಂಗ ಮಾಡಸೋಣು."

ಕುಶಲ ಗಂಭೀರವಾಗಿ ಬರೆದ: ಅಗಲದ ಬಗ್ಗೆ ಸರ್ಕಾರ ಮುಕ್ತ ಮನಸ್ಸು ಹೊಂದಿದೆ.

"ಜ್ಯೋತಿ, ಪ್ರಭಾತ ಸಮಾಚಾರ, ಸಂಬಂಧವಿಲ್ಲ. ಇದೆಲ್ಲ ಸುಳ್ಳು ಅಂತ ವಿರೋಧ ಪಕ್ಷದವರು ಹೇಳ್ತಾರಲ್ಲ?"

"ಅವರನ್ನ ಪೈಪಿನ ಬಾಯಾಗ ನಿಲ್ಲಸವ್ವಾ. ಎಮ್ಮಿ ಬಂದ ಹಾದ್ರ ಗೊತ್ತಾಗತೈತಿ."

ಸಂಬಂಧವಿಲ್ಲ, ಸಂಬಂಧವಿಲ್ಲ, ಸಂಬಂಧವಿಲ್ಲ. ಒಬ್ಬೊಬ್ಬರೇ ಎದ್ದು ಅದನ್ನು ಹೇಳಿ ಹೇಳಿ ಕೂರುತ್ತಿದ್ದರು. ಪ್ರತಿ ಸಲವೂ ಅದು ತನ್ನ ಬಾಯಿಂದಲೇ ಬಿದ್ದಂತೆ ಮಲ್ಲಿಕಾಗೆ ಕೇಳುತ್ತಿತ್ತು. ನಗುವಿನ ಮಧ್ಯೆ ಅಪ್ಪ ಒಂದು ಮಾತು ಮೆಲ್ಲಗೆ ಹೇಳಿದ. "ಅಂಬರನಾಥದಾಗ ನಮ್ಮ ಚಾಳ ಐತಿ. ನಲವತ್ತೆರಡು ಮನಿ, ಒಂದ ನಳ. ಹೋಳಿ ಹುಣ್ಣಿವಿಯಿಂದ ಅದರಾಗ ಹನಿ ನೀರಿಲ್ಲ." ಅದಕ್ಕೆ ಯಾರೂ ನಗಲಿಲ್ಲ, ಆದ್ದರಿಂದ ಯಾರೂ ಬರೆದುಕೊಳ್ಳಲೂ ಇಲ್ಲ. ಮಲ್ಲಿಕಾ ತಲೆ ಎತ್ತಿದಳು. ಹತ್ತು ತಿಂಗಳಿಂದ ಬೆಳಿಗ್ಗೆ ಐದಕ್ಕೆ ಎದ್ದು ರೈಲ್ವೆ ಹಳಿ ದಾಟಿ ಎರಡು ಕೊಡ ನೀರು ತರುತ್ತಿದ್ದವಳು ಅವಳು. ಇವತ್ತೂ ತಂದಿದ್ದಳು. ಅಪ್ಪನ ನೂರು ಸುಳ್ಳಿನಲ್ಲಿ ಒಂದು ನಿಜ ಹಾದುಹೋದದ್ದು ಅವಳ ಕಿವಿಗೆ ಮಾತ್ರ ಗೊತ್ತಾಯಿತು. ಇನ್ನೂ ಒಂದು ಗೊತ್ತಾಯಿತು. ಆ ಮಾತು ಹೇಳುವಾಗ ಅಪ್ಪನ ಕುತ್ತಿಗೆ ಹೆಗಲೊಳಗೆ ಇಳಿಯಿತು. ಕಥೆ ಹೇಳುವಾಗ ಅದು ಎಂದೂ ಇಳಿದದ್ದಲ್ಲ.

ಏನೋ ಇದೆ. ಅಪ್ಪ ಏನೋ ಹೊತ್ತುಕೊಂಡಿದ್ದಾನೆ.

ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ. ಹದಿನೆಂಟು ತಲೆಗಳು ತಿರುಗಿದವು. ಹಿಂದಿನ ಗೋಡೆಗೆ ಆತು ಕೂತ ವನಮಾಲಾ ಮೇಡಂ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡರು.

"ಮಲ್ಲಿಕಾ. ಖಾಡಿ ಸಮಾಚಾರ." ಅಷ್ಟು ಬಂತು. ಮೂರನೆಯದು ಉಳಿದಿತ್ತು. ಎರಡೂ ಲಾರಿಗಳು ಒಟ್ಟಿಗೇ ಹಾರ್ನ್ ಹೊಡೆದವು. ಹೊಡೆಯಲಿ ಎಂದುಕೊಂಡಳು. "ಸಂಬಂಧ ಇದೆ. ನಾನು ಇವರ ಮಗಳು."

ಕೋಣೆ ಮತ್ತೆ ನಕ್ಕಿತು. ಇದೂ ಆಟದ ಭಾಗ ಎಂದುಕೊಂಡಿತು. "ಓಹೋ, ಎರಡು ಲಾರಿಯ ಅಪ್ಪನಾ?" ಎಂದ ಕುಶಲ.

"ಲಾರಿ ಇಲ್ಲ. ಲಾರಿ ತುಂಬುತ್ತಾರೆ. ಲಾರಿ ಇದೆ ಎಂದು ನಾನು ಸುಳ್ಳು ಹೇಳಿದ್ದೆ." ನಗು ಒಂದು ಮೂಲೆಯಿಂದ ಆರುತ್ತ ಬಂತು. ಸೈದಪ್ಪ ಮಾತ್ರ ಕುರ್ಚಿಯ ತುದಿಗೆ ಸರಿದು, "ಎರಡ ಯಾಕವ್ವಾ? ಇಪ್ಪತ್ತೆರಡು ವರ್ಷದಾಗ ಹತ್ತಸಾವಿರ ಲಾರಿ ಈ ತಲಿ ಮ್ಯಾಲೆ ಹಾದ್ಹೋಗ್ಯಾವ!" ಎಂದ. ದಿನಕ್ಕೆ ಎರಡು ಲಾರಿ ಹಿಡಿದರೂ ಲೆಕ್ಕ ಅದಕ್ಕಿಂತ ಮುಂದೆ ಹೋಗುತ್ತದೆ. ಅವನು ಜನ್ಮದಲ್ಲಿ ಕಡಿಮೆ ಮಾಡಿ ಹೇಳಿದ ಕಥೆ ಅದೊಂದೇ ಇರಬೇಕು.

ಮಲ್ಲಿಕಾ ಪೆನ್ನು ತೆಗೆದಳು. "ನಿಮ್ಮ ಪೂರ್ತಿ ಹೆಸರು ಹೇಳಿ. ಏನು ಕೆಲಸ, ಎಲ್ಲಿ?"

ಆ ಪ್ರಶ್ನೆ ಬಿದ್ದಾಗ ಹದಿನೆಂಟು ಪೆನ್ನುಗಳು ನಿಂತವು. ನಲವತ್ತು ನಿಮಿಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಸೈದಪ್ಪ ಮಲ್ಲಪ್ಪ ಹೂಗಾರ. ಹಮಾಲ. ಅಂಬರನಾಥ."

ಬಾಗಿಲಲ್ಲಿದ್ದ ಮುರಾರಿ "ಅಯ್ಯೋ ದೇವ್ರೇ" ಎಂದು ಕೂತೇಬಿಟ್ಟ. ಮಲ್ಲಿಕಾ ಅತ್ತ ನೋಡಲಿಲ್ಲ. ಅವಳ ಮುಂದೆ ಈಗ ಒಲೆಯಿತ್ತು, ರೊಟ್ಟಿ ಬಡಿಯುವ ಸದ್ದಿತ್ತು. ಪ್ರಶ್ನೆಗಳು ಏಳು ತಿಂಗಳ ಪಾಠದಿಂದ ಬರಲಿಲ್ಲ, ಅವಳ ಬದುಕಿನ ಇಪ್ಪತ್ಮೂರು ವರ್ಷದಿಂದ ಬಂದವು.

"ಎಮ್ಮೆ ಹಾಯುವಂಥ ಪೈಪು ಅಂದಿರಿ. ಅದನ್ನು ನಿಮಗೆ ಯಾರು ಹೇಳಿದರು?"

"ಗುತ್ತಿಗೆದಾರ ಹೇಳ್ದ. ಚಾಳಿಗೆ ಬಂದಿದ್ದ."

"ಯಾವ ದಿನ?"

"ಹೋಳಿ ಹುಣ್ಣಿವಿ ಮರುದಿನ. ಚಾಳಿನ ಮಂದಿ ಎಲ್ಲಾ ಬಣ್ಣ ಆಡಾಕ ಹೋಗಿತ್ತು."

"ಅವನು ಹೇಳುವಾಗ ಯಾರು ನೋಡಿದ್ದಾರೆ?"

"ಗುರುನಾಥ ನೋಡ್ಯಾನ. ಈ ಸಲ ಖರೇನ ನೋಡ್ಯಾನ, ತಂಗಿ."

"ನೀವು ಎಲ್ಲಿ ನಿಂತಿದ್ದಿರಿ?"

ಸೈದಪ್ಪ ಹಾರದ ಒಂದು ಹೂವನ್ನು ಕಿತ್ತು ಬೆರಳಲ್ಲಿ ಹೊಸಕಿದ. ಇಂಥ ಕಡೆ ಅವನು ನಗಬೇಕಿತ್ತು, ನಗಲಿಲ್ಲ. "ಲಾರಿ ಮ್ಯಾಲೆ" ಎಂದ.

"ಲಾರಿಯಲ್ಲಿ ಏನಿತ್ತು?"

ಕೇಳಬಾರದಿತ್ತು ಎಂದು ಒಂದು ಕ್ಷಣ ಅನಿಸಿತು. ಅಪ್ಪನ ಮುಖ ಹೀಗೆ ಬತ್ತಿದ್ದನ್ನು ಅವಳು ಕಂಡಿರಲಿಲ್ಲ. ಆದರೆ ಅಪ್ಪ ಅವಳನ್ನೇ ನೋಡುತ್ತಿದ್ದ, ಬಿಡಬೇಡ ಎನ್ನುವ ಹಾಗೆ, ಭಾರದ ಮೂಟೆ ತಲೆಯ ಮೇಲಿಟ್ಟುಕೊಂಡವನು ಇಳಿಸಿಕೊಳ್ಳಲು ಎದುರಿಗಿರುವವನ ಕೈ ನೋಡುವ ಹಾಗೆ. ಅವಳು ಮತ್ತೆ ಕೇಳಿದಳು. "ಲಾರಿಯಲ್ಲಿ ಏನಿತ್ತು, ಅಪ್ಪಾ?"

"ನಮ್ಮ ಚಾಳಿನ ಹಳೇ ಪೈಪ. ದಪ್ಪಂದ ಹೊಸಾದು ಹಾಕತೀವಿ, ಇದನ್ನ ತುಂಬ್ರಿ ಅಂದ. ನಾ ಒಂದ ತುದಿ ಹಿಡದೆ, ಗುರುನಾಥ ಒಂದ ತುದಿ. ಹದಿನಾರು ತುಂಡು. ಎಂಟ ದಿನದಾಗ ಬರತೀನಿ ಅಂದಾಂವ ಬರಲೇ ಇಲ್ಲ." ಪಟಕಾದ ಚುಂಗಿನಿಂದ ಮುಖ ಒರೆಸಿಕೊಂಡ. "ನಿಮ್ಮವ್ವಗ ಹೇಳಿಲ್ಲ. ಚಾಳಿನ ಮಂದಿಗೂ ಹೇಳಿಲ್ಲ. ನನ್ನ ಕೈಲೇನ ನನ್ನ ಮಂದಿ ನೀರ ಲಾರೀಗೆ ಹೊತ್ತ ಹಾಕೀನಲ್ಲ, ಹೆಂಗ ಹೇಳ್ಲಿ? ಎಮ್ಮಿ ಕಥೀ ಹೇಳಕೋತ ತಿರಗೇನಿ."

ಮಲ್ಲಿಕಾ ಬರೆಯುತ್ತಿದ್ದಳು. ಹದಿನಾರು ತುಂಡು. ಹೋಳಿಯ ಮರುದಿನ. ಇನ್ನೊಂದು ತುದಿಗೆ ಗುರುನಾಥ. ಅಪ್ಪನಿಗೊಂದು ಪೈಪು, ತನಗೆರಡು ಲಾರಿ. ಒಂದೇ ಮನೆಯಲ್ಲಿ, ಒಂದೇ ಒಲೆಯ ಸುತ್ತ, ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಹೊತ್ತು ತಿರುಗಿದ್ದರು. ಈಗ ಹತ್ತೊಂಬತ್ತು ಜನರ ನಡುವೆ ಎರಡೂ ದಡಕ್ಕನೆ ಕೆಳಗಿಳಿದವು. ಅವಳಿಗೆ ನಗು ಬಂತು. ಅದನ್ನು ನೋಡಿ ಸೈದಪ್ಪನಿಗೂ ಬಂತು. ಕುತ್ತಿಗೆ ನಿಧಾನವಾಗಿ ಹೆಗಲಿನಿಂದ ಮೇಲೆದ್ದಿತು.

ವನಮಾಲಾ ಮೇಡಂ ಎದ್ದು ಮುಂದೆ ಬಂದರು. "ಪಾಟೀಲ ಸಾಹೇಬರ ಜೀಪು ಶೀಳ್ ಫಾಟಾದ ಕೂಡುರಸ್ತೆಯಲ್ಲಿ ಕೆಟ್ಟು ನಿಂತಿದೆ, ಬರುವುದಿಲ್ಲ ಅಂತ ಹನ್ನೊಂದೂಕಾಲಿಗೆ ಫೋನು ಬಂದಿತ್ತು, ನಿಮಗೆ ಹೇಳುವಷ್ಟರಲ್ಲಿ ಇವರು ಬಂದರು. ಇವರು ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗಲೇ, ಇವರು ಯಾವ ಸಭಾಪತಿಯೂ ಅಲ್ಲ ಅಂತ ನನಗೆ ಗೊತ್ತಾಯಿತು. ಯಾರು ಅಂತ ಮಾತ್ರ ಗೊತ್ತಿರಲಿಲ್ಲ. ನಿಮ್ಮಲ್ಲಿ ಯಾರು ಕೇಳುತ್ತೀರಿ ಅಂತ ಕಾದೆ." ಕುಶಲನ ನೋಟುಬುಕ್ಕಿನ ಮೇಲೆ ಬಾಗಿ ಓದಿದರು. "ಮುಕ್ತ ಮನಸ್ಸು!" ಕುಶಲ ಕಿವಿಯವರೆಗೆ ಕೆಂಪಾದ. ಮೇಡಂ ಮಲ್ಲಿಕಾಳ ಕಡೆ ತಿರುಗಿದರು.

"ಎರಡನೇ ಸಾಕ್ಷಿ?"

"ಗುರುನಾಥ ಕಾಕಾ, ಮೇಡಂ. ಆರನೇ ಮನೆ. ನಳ ಅಲ್ಲೇ ಇದೆ, ಪೈ‍ಪಿನ ಗುಂಡಿಯೂ ಹಾಗೇ ಇದೆ."

"ಆ ಗುತ್ತಿಗೆದಾರ?"

"ಹುಡುಕುತ್ತೇನೆ."

"ನಿನ್ನ ಅಪ್ಪನ ಮಾತನ್ನು ನೀನೇ ಬರೆದರೆ ಓದುವವರು ಏನು ಹೇಳುತ್ತಾರೆ?"

"ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಮೇಡಂ. ಇದನ್ನು ಬರೆದವಳು ಆ ಹಮಾಲನ ಮಗಳು ಅಂತ."

ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. ಒರೆಸುವುದು ಬೇಕಿರಲಿಲ್ಲ, ಅದು ಸ್ವಚ್ಛವಾಗಿಯೇ ಇತ್ತು. "ಸೋಮವಾರ ಫೋರ್ಟಿಗೆ ಹೋಗು. ಹೋಗುವಾಗ ಈ ಸುದ್ದಿ ಕೈಯಲ್ಲಿರಲಿ. ಮುರಾರಿ, ಇವಳ ಅರ್ಜಿ ತಾ, ಅದರಲ್ಲಿ ಒಂದು ತಿದ್ದುಪಡಿ ಇದೆ."

ಕುಶಲನೇ ಮೊದಲು ಚಪ್ಪಾಳೆ ತಟ್ಟಿದ. ಹೊರಗೆ ಬರುವಾಗ ಸೈದಪ್ಪನ ಮುಂದೆ ನಿಂತು, "ಅಪ್ಪಯ್ಯಾ, ನಮ್ಮ ಹೋಟೆಲಿಗೊಮ್ಮೆ ಬನ್ನಿ ಮಾರ್ರೆ. ನನ್ನಪ್ಪನಿಗೆ ಎಮ್ಮೆ ಹಾಲಿನದೇ ತಲೆಬಿಸಿ" ಎಂದ. "ಪೈಪ ಹಿಡಕೊಂಡ ಬರತೀನಿ ತಮ್ಮಾ" ಎಂದ ಸೈದಪ್ಪ.

ಸ್ಟೇಷನ್ನಿನ ದಾರಿಯಲ್ಲಿ ಹಾರ ಅವನ ಕೊರಳಲ್ಲೇ ಇತ್ತು, ತೆಗೆಯಲು ಒಪ್ಪಲಿಲ್ಲ. ನೆರೂಳದ ಜನ ತಿರುಗಿ ತಿರುಗಿ ನೋಡುತ್ತಿದ್ದರು. ಮಲ್ಲಿಕಾ ಅವನ ಪಕ್ಕದಲ್ಲೇ ನಡೆದಳು, ಒಂದು ಹೆಜ್ಜೆಯೂ ಹಿಂದೆ ಉಳಿಯಲಿಲ್ಲ.

"ಯಪ್ಪಾ, ಕುರ್ಚಿ ಮ್ಯಾಲೆ ಕೂಡ್ಸಿದಾಗ, ನಾ ಸಾಹೇಬ ಅಲ್ಲ ಅಂತ ಯಾಕ ಹೇಳ್ಲಿಲ್ಲ?"

"ನಾ ಏನ್ ತಿಳದೆ ಅಂದಿ? ಮಕ್ಕಳ ಪರೀಕ್ಷಾದಾಗ ಅಪ್ಪಂದಿರಿಗೂ ಪ್ರಶ್ನೆ ಕೇಳತಾರ ಅಂತ ತಿಳದೆ. ಎಲ್ಲಾ ಅಪ್ಪಂದಿರಿಗೂ ಹಾರ ಹಾಕತಾರ, ಚಾ ಕುಡಸ್ತಾರ, ಆಮ್ಯಾಲೆ ಕೇಳತಾರ. ನಾ ಸುಮ್ನ ಕುಂತ್ರ ನಿನ್ನ ಮಾರ್ಕ ಹೋಗತಾವಲ್ಲ! ಅದಕ್ಕ ಬಾಯಿಗೆ ಬಂದಷ್ಟ ಹೇಳ್ದೆ."

ಅವಳು ನಡುಬೀದಿಯಲ್ಲಿ ನಿಂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಗೇಟಿನಲ್ಲಿ ಈಗ ಟೀಸಿ ನಿಂತಿದ್ದ, ಕರಿ ಕೋಟು, ಹುಳಿ ಮುಖ. ಕುಂಕುಮ ಹತ್ತಿದ ಪಾಸನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಹಿಂದೆ ಸರಿದು ದಾರಿ ಬಿಟ್ಟ.

ಚಾಳು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಾಬವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮಲ್ಲಿಕಾ ಹೊಸ್ತಿಲಲ್ಲಿ ಕೂತು ಚಪ್ಪಲಿ ಬಿಚ್ಚಿದಳು. ಸೈದಪ್ಪ ಮೊದಲು ಪೈಪಿನ ಮಾತು ಹೇಳಿದ, ಹೆಂಡತಿಯ ಮುಖ ನೋಡದೆ, ಗಟಗಟ ಕಷಾಯ ಕುಡಿದವರ ಹಾಗೆ. ಸಾಬವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಮೂಲೆಯ ನೀರಿನ ಕೊಡಗಳತ್ತ ಒಮ್ಮೆ ನೋಡಿದಳು. ಆಮೇಲೆ, "ನಾಳೆ ಗುರುನಾಥನ್ನ ಕರಕೊಂಡ ಚಾಳಿನ ಮಂದಿ ಮುಂದ ನಿಂತು ಹೇಳು. ನಾನೂ ನಿನ್ನ ಬಾಜೂ ನಿಂದರತೀನಿ" ಎಂದಳು. ಮತ್ತೆ ರೊಟ್ಟಿ ತಟ್ಟತೊಡಗಿದಳು. ಅಷ್ಟು ಕೇಳಿದ್ದೇ ತಡ, ಸೈದಪ್ಪ ಕಾಲು ಚಾಚಿ, ಪಟಕಾ ಸರಿಮಾಡಿಕೊಂಡು, ಕುತ್ತಿಗೆ ಎತ್ತಿದ.

"ಇವತ್ತ ಏನಾತಂದ್ರ, ಸಾಬವ್ವಾ, ನನಗ ಹಾರ ಹಾಕಿದ್ರು. ಕುರ್ಚಿ ಮ್ಯಾಲೆ ಕೂಡ್ಸಿದ್ರು. ಮೈಕ ಹಿಡದು, ಡಿಗ್ರಿ ಮಾಡಿದ ಮಂದಿ ಎದ್ದ ನಿಂತು ಸಾಹೇಬ, ಸಾಹೇಬ ಅಂದ್ರು. ಹದಿನೆಂಟು ಮಂದಿಗೆ ನನ್ನ ಹಿಡಿಯಾಕ ಆಗಲಿಲ್ಲ. ಒಬ್ಬಾಕಿ ಎದ್ದಳು ನೋಡು, ಬರೇ ಮೂರ ಪ್ರಶ್ನೆ ಕೇಳಿದ್ಲು, ಸಾಹೇಬನ್ನ ಹಿಡದು ನೆಲಕ್ಕ ಒಗದ್ಲು. ಇಡೀ ಸಾಲಿ ಚಪ್ಪಾಳಿ ಹೊಡೀತು. ಆಕೀನ್ನ ಮುಂಬಯಿ ಪೇಪರಿನವರು ಕರದಾರ!"

ಸಾಬವ್ವ ತಲೆ ಎತ್ತಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಎಂದಿನ ಧ್ವನಿಯಲ್ಲಿ ಕೇಳಿದಳು.

"ಯಾರ್ ನೋಡ್ಯಾರ?"

ಹೊಸ್ತಿಲಿನಿಂದ ಮಲ್ಲಿಕಾ ಹೇಳಿದಳು.

"ನಾ ನೋಡೀನಿ, ಯವ್ವಾ."